ಸಂದು ಕಂಡರಾಗದ ಹಲ್ಲಿನ ಮೇಷ್ಟ್ರು

ಹಲ್ಲಿನ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತೊಂದು ವರ್ಷದಿಂದ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಂಡು ಬಂದವರು. ಬಾಯಿ ತೆರೆದು ಕೂತ ಗಿರಾಕಿಗೆ "ಇನ್ನೂ ಅಗಲ, ನಾಲಿಗೆ ಹಿಂದಕ್ಕೆ, ಅಲ್ಲಾಡಬೇಡಿ" ಎಂದು ಗದರುವ ರೀತಿ ನೋಡಿ ಯಾರೋ ಮೇಷ್ಟ್ರು ಅಂದರು, ಅದೇ ಅಂಟಿಕೊಂಡಿತು. ಕೈಕೆಲಸದ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಪುಣ್ಯಾತ್ಮನಿಗೆ ಒಂದು ಚಾಳಿ. ಸಂದು ಕಂಡರೆ ಆಗುತ್ತಿರಲಿಲ್ಲ. ಎಲ್ಲಿ ಕಂಡರೂ ತುಂಬಿಬಿಡಬೇಕು. ಬಚ್ಚಲ ಬಾಗಿಲಿನ ಕೆಳಗಿನ ಸಂದು ತುಂಬಿದರು, ಬಾಗಿಲು ತೆರೆಯುವುದನ್ನೇ ಬಿಟ್ಟಿತು. ಅಡುಗೆಮನೆ ಕಿಟಕಿಯ ಸಂದು ತುಂಬಿದರು, ದಿನಾ ಅದರಲ್ಲಿ ನುಸುಳಿ ಬರುತ್ತಿದ್ದ ಬೆಕ್ಕು ಮೂರು ದಿನ ಗೋಡೆಯಾಚೆ ನಿಂತು ಬೈಯಿತು. ಮಾತಿನಲ್ಲೂ ಅದೇ ಕಥೆ. ನಾಲ್ಕು ಜನ ಕೂತ ಕಡೆ ಒಂದು ಗಳಿಗೆ ಮೌನ ಬಿತ್ತೋ ಇಲ್ಲವೋ, ಮೇಷ್ಟ್ರು ತಡೆಯಲಾರದೆ "ಮತ್ತೆ? ಏನು ಸಮಾಚಾರ?" ಎಂದು ಬಾಯಿ ಹಾಕುತ್ತಿದ್ದರು. ಸಾವಿನ ಮನೆಗೆ ಅವರನ್ನು ಕರೆದುಕೊಂಡು ಹೋಗುವುದನ್ನು ಹೆಂಡತಿ ಎಂದೋ ಬಿಟ್ಟಿದ್ದಳು.

ಇಂಥ ಮೇಷ್ಟ್ರಿಗೆ ಇದ್ದ ಆಸೆ ಒಂದೇ. ರೈಲು ಸಂಘದ ಹಳಿಯ ಮೇಲೆ ತನ್ನದೂ ಒಂದು ಎಂಜಿನ್ನು ಓಡಬೇಕು.

ರೈಲು ಸಂಘ ಎಂದರೆ ದೊಡ್ಡ ಕಲ್ಪನೆ ಬೇಡ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆ, ಏಳು ಜನ, ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ಬೆರಳಗಲದ ಹಳಿ, ಎರಡು ನಿಲ್ದಾಣ, ಒಂದು ಸುರಂಗ, ಹತ್ತಿಯಿಂದ ಮಾಡಿದ ಹನ್ನೊಂದು ಕುರಿ. ಎಂಜಿನ್ನುಗಳೆಲ್ಲ ಕರೆಂಟಿನವು. ಹಬೆಯನ್ನು ಕೆಳಗಿನ ಅಂಗಡಿಯವರೇ ನೆಲದ ಹಲಗೆಗಳ ನಡುವಿನಿಂದ ಪುಕ್ಕಟೆ ಒದಗಿಸುತ್ತಿದ್ದರು. (ಆ ಹಲಗೆಗಳ ಸಂದನ್ನೂ ತುಂಬಿಕೊಡುತ್ತೇನೆ ಎಂದು ಮೇಷ್ಟ್ರು ಮುಂದೆ ಬಂದಿದ್ದರು. ಸಂಘದವರು ಕೈ ಮುಗಿದು ಬೇಡ ಅಂದಿದ್ದರು.)

ಕೋಣೆ ಚಿಕ್ಕದಾದರೂ ನಿಯಮಕ್ಕೆ ಬರವಿರಲಿಲ್ಲ. ಮೊದಲನೆಯದು, ಕುಲಗೋತ್ರ ಗೊತ್ತಿಲ್ಲದ ಎಂಜಿನ್ನು ಹಳಿ ಹತ್ತುವಂತಿಲ್ಲ. ಯಾವ ಕಾರ್ಖಾನೆಯದು, ಅಸಲಿಯೋ ನಕಲಿಯೋ ಎಂದು ಖಚಿತವಾಗಿ ದಪ್ಪ ರಿಜಿಸ್ಟರಿಗೆ ಏರಬೇಕು. ಏರದಿದ್ದರೆ 'ಅನಾಥಾಲಯ' ಎಂದು ಬರೆದ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂರಬೇಕು. ಎರಡನೆಯದು, ಸೇರಿ ಹತ್ತು ವರ್ಷವಾದರೂ ಸ್ವಂತ ಎಂಜಿನ್ನು ಓಡಿಸದ ಸದಸ್ಯ ಬರೀ ಪ್ರೇಕ್ಷಕನಾಗುತ್ತಾನೆ, ಮೇಜಿನ ಸುತ್ತ ಕಟ್ಟುವ ಹಗ್ಗದ ಆಚೆ ನಿಂತು ನೋಡಬೇಕು. ಮೇಷ್ಟ್ರಿಗೆ ಬರುವ ವಾರ್ಷಿಕ ಸಭೆಗೆ ಸರಿಯಾಗಿ ಹತ್ತು ವರ್ಷ ತುಂಬುತ್ತಿತ್ತು. ಈ ಹತ್ತು ವರ್ಷ ಅವರು ಬೇರೆಯವರ ಎಂಜಿನ್ನಿಗೆ ಎಣ್ಣೆ ಬಿಟ್ಟಿದ್ದರು, ಕುರಿಗಳಿಗೆ ಹತ್ತಿ ಅಂಟಿಸಿದ್ದರು, ಎಲ್ಲರಿಗೂ ಟೀ ಕಾಸಿದ್ದರು. ಹಗ್ಗದ ಆಚೆ ನಿಂತ ತನ್ನನ್ನು ನೆನೆಸಿಕೊಂಡಾಗೆಲ್ಲ ಅವರು ಟೀಗೆ ಎರಡು ಸಲ ಸಕ್ಕರೆ ಹಾಕಿಬಿಡುತ್ತಿದ್ದರು.

ಮೂರನೆಯ ನಿಯಮ ಅಧ್ಯಕ್ಷರದ್ದು. ಅಧ್ಯಕ್ಷರು ನಿವೃತ್ತ ರೈಲ್ವೆ ಗಾರ್ಡು, ಎಲ್ಲರ ಬಾಯಲ್ಲೂ ಗಾರ್ಡ್ ಸಾಹೇಬರು. ಅವರು ಸೀಟಿ ಹೊಡೆಯದೆ ಯಾವ ಗಾಡಿಯೂ ಹೊರಡುವಂತಿಲ್ಲ, ಸೀಟಿ ಬಿದ್ದ ಮೇಲೆ ಒಂದು ಸುತ್ತು ಮುಗಿಸದೆ ಯಾವ ಗಾಡಿಯೂ ನಿಲ್ಲುವಂತಿಲ್ಲ. ಅವರದು ಬಾಯಿ ಸೀಟಿ. ಕೆಲಸಕ್ಕೆ ಸೇರಿದ ಮೊದಲನೇ ವಾರವೇ ಸರ್ಕಾರ ಕೊಟ್ಟ ಸೀಟಿಯನ್ನು ಕಳೆದುಕೊಂಡು, ಮೇಲಿನವರಿಗೆ ಹೇಳಲು ಹೆದರಿ, ಮೂವತ್ತಾರು ವರ್ಷ ಬರೀ ಬಾಯಲ್ಲೇ ರೈಲು ಕಳಿಸಿದ ಭೂಪ ಆತ. ಕೇಳಿದವರ ಕಿವಿಯಲ್ಲಿ ಅರ್ಧ ಗಂಟೆ ಗುಂಯ್ ಅನ್ನುತ್ತಿತ್ತಂತೆ.

ಹೆಂಡತಿಯ ಜೊತೆ ಒಂದು ಸ್ಟೂಲು ಕೊಳ್ಳಲು ಹಳೇ ಸಾಮಾನಿನ ಅಂಗಡಿಗೆ ಹೋದಾಗ ಮೇಷ್ಟ್ರಿಗೆ ಆ ಎಂಜಿನ್ನು ಸಿಕ್ಕಿತು. ಒಂದು ಹರಿದ ಕಾಲುಚೀಲದೊಳಗೆ ಇತ್ತು. ಬಣ್ಣವೋ ಕೊಳೆಯೋ ತಿಳಿಯದಷ್ಟು ಕಪ್ಪು. ಒಂದು ಚಕ್ರ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಮೇಷ್ಟ್ರು ಸ್ಟೂಲನ್ನು ಮರೆತರು.

"ಕೂರೋಕೆ ಆಗತ್ತಾ ಇದರ ಮೇಲೆ?" ಎಂದಳು ಹೆಂಡತಿ.

"ಕೂರೋಕಲ್ಲ ಕಣೇ, ಓಡಿಸೋಕೆ."

"ಹಾಗಾದ್ರೆ ನಾನು ನಿಂತ್ಕೊಂಡೇ ಪಾಲಿಶ್ ಮಾಡ್ತೀನಿ ಬಿಡಿ, ಇನ್ನೊಂದು ಹತ್ತು ವರ್ಷ."

ಮೇಷ್ಟ್ರು ಕಟ್ಟಿದ ಹಲ್ಲಿಗೆ ಹೊಳಪು ಕೊಡುವವಳು ಅವಳೇ. ಮಾತಿಗೂ ಹೊಳಪು ಕೊಟ್ಟೇ ಆಡುವ ಹೆಂಗಸು.

ಮರುದಿನದಿಂದ ಮೇಷ್ಟ್ರ ಕೆಲಸದ ಮೇಜಿನ ಮೇಲೆ ದವಡೆಗಳ ನಡುವೆ ಎಂಜಿನ್ನಿಗೂ ಜಾಗವಾಯಿತು. ಅವರ ಕಸುಬಿನಲ್ಲಿ ಒಂದು ಶಿಸ್ತಿದೆ. ಯಾವ ಬಾಯಿಗೇ ಕೈ ಹಾಕಲಿ, ಮೊದಲು ಅದು ಬಂದ ಸ್ಥಿತಿಯಲ್ಲೇ ಮೆತ್ತನೆಯ ಹಿಟ್ಟಿನಲ್ಲಿ ಒತ್ತಿ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರ್ ಹೊಯ್ದು, ಅಡಿಯಲ್ಲಿ ಪೆನ್ಸಿಲ್ಲಿನಿಂದ ತಾರೀಕು ಬರೆದು ಕಪಾಟಿಗೆ ಸೇರಿಸಬೇಕು. ಆಮೇಲೆಯೇ ಅರ, ಆಮೇಲೆಯೇ ಉಳಿ. ಮೇಷ್ಟ್ರು ಅಭ್ಯಾಸಬಲದಿಂದ ಎಂಜಿನ್ನಿನ ಮೂತಿಗೂ ಅಚ್ಚು ತೆಗೆದರು. "ಹಾಂ, ಅಗಲ ಬಿಡಿ" ಎಂದು ಅದಕ್ಕೂ ಹೇಳಿದರೆಂದು ಹೆಂಡತಿ ಇವತ್ತಿಗೂ ಆಣೆ ಮಾಡುತ್ತಾಳೆ.

ಕಟ್ಟುಹಲ್ಲು ನೆನೆಸುವ ಮಾತ್ರೆ ಹಾಕಿದ ನೀರಿನಲ್ಲಿ ಎಂಜಿನ್ನಿನ ಮೈತಗಡನ್ನು ಮುಳುಗಿಸಿದರು. ಅದು ಬುರುಬುರು ಎಂದು ನೊರೆ ಕಾರಿ ಮೂರು ಲೋಟ ಕೊಳೆ ಬಿಟ್ಟಿತು. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಾಗ ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಬೆಳ್ಳನೆ ತಗಡು. ಆ ತಗಡಿನ ಒಳಮೈ ನೋಡಿದರೆ ಕಿತ್ತಳೆ ಬಣ್ಣದ ಚಿತ್ರ! ಮಿಠಾಯಿ ಡಬ್ಬಿಯ ಮೇಲಿರುತ್ತದಲ್ಲ, ನಗುವ ಹುಡುಗಿ, ಅವಳ ಅರ್ಧ ಮುಖ. ಮೇಷ್ಟ್ರು ಅದನ್ನು ಎತ್ತಿಕೊಂಡು, ಬ್ರಶ್ಶನ್ನು ಕಿವಿಗೆ ಸಿಕ್ಕಿಸಿಕೊಂಡೇ, ಬೇಕರಿಗೆ ಓಡಿದರು.

ಸಂಘದ ರಿಜಿಸ್ಟರೂ ಎಂಜಿನ್ನುಗಳ ದಪ್ಪ ಪುಸ್ತಕವೂ ಇದ್ದದ್ದು ಬೇಕರಿಯವರ ವಶದಲ್ಲಿ. ಅವರು ಬ್ರೆಡ್ಡನ್ನು ಎಷ್ಟು ಸಮನಾಗಿ ಕೊಯ್ಯುತ್ತಿದ್ದರೋ ನ್ಯಾಯವನ್ನೂ ಅಷ್ಟೇ ಸಮನಾಗಿ ಕೊಯ್ಯುವವರು, ದಯೆ ದಾಕ್ಷಿಣ್ಯ ಇಲ್ಲ.

"ಮಿಠಾಯಿ ಡಬ್ಬಿ ಕಾರ್ಖಾನೆಯವ್ರು ಒಂದೇ ಒಂದು ವರ್ಷ ಎಂಜಿನ್ನು ಮಾಡಿದ್ರು," ಎಂದರು ಬೇಕರಿಯವರು, ಪುಟ ತಿರುವುತ್ತ. "ಮಿಕ್ಕಿದ ತಗಡಲ್ಲಿ. ನಿಮ್ಮದು ಅದೇ ಇರಬಹುದು. ಆದ್ರೆ ಮೇಷ್ಟ್ರೇ, ಅದನ್ನ ಯಾರೋ ನಕಲು ಹೊಡೆದ್ರು. ಅದೇ ತಗಡು ಗುಜರಿಯಿಂದ ತಂದು."

"ಅಸಲಿ ಯಾವುದು, ನಕಲಿ ಯಾವುದು ಅಂತ ಹೆಂಗೆ ಗೊತ್ತಾಗತ್ತೆ?"

"ಅದು ಮುಂದಿನ ಪುಟದಲ್ಲಿದೆ."

ಮುಂದಿನ ಪುಟ ಅದರ ಮುಂದಿನದಕ್ಕೆ ಅಂಟಿಕೊಂಡಿತ್ತು. ಹಿಂದೊಮ್ಮೆ ಸಕ್ಕರೆ ಪಾಕ ಚೆಲ್ಲಿತ್ತಂತೆ. ಬೇಕರಿಯವರು ಕೆಂಪಾಗಿ, ಒಲೆಯ ಹಬೆಗೆ ಹಿಡಿದು ನಿಧಾನಕ್ಕೆ ಬಿಡಿಸುತ್ತೇನೆ, ಅವಸರ ಮಾಡಿದರೆ ಹರಿಯುತ್ತದೆ, ಒಂದು ತಿಂಗಳಾದರೂ ಬೇಕು ಎಂದರು.

ಆ ತಿಂಗಳು ಮೇಷ್ಟ್ರು ಮಾಡಿದ ಕೆಲಸ ನೋಡಬೇಕಿತ್ತು! ಮೋಟಾರು ಬಿಚ್ಚಿ ಒರೆಸಿದರು. ಕಾಣೆಯಾದ ಚಕ್ರವನ್ನು ಉಳಿದ ಚಕ್ರದ ಅಚ್ಚು ತೆಗೆದು ಹಲ್ಲಿನ ಲೋಹದಲ್ಲೇ ಎರಕ ಹೊಯ್ದರು. ಎಲೆಹಸಿರು ಬಣ್ಣ ಮೂರು ಪದರ ಬಳಿದರು. ಮೂತಿಯ ಕೆಳಗಿನ ಅಡ್ಡಪಟ್ಟಿಯ ನಟ್ಟನಡುವೆ ಅಕ್ಕಿಕಾಳಿನಷ್ಟು ಒಂದು ಸಂದಿತ್ತು. ಅದನ್ನು ಕಟ್ಟುಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಪುಡಿ ಕಲಸಿ ತುಂಬಿ, ಉಜ್ಜಿ, ಬಣ್ಣ ಹಚ್ಚಿ, ಎಲ್ಲಿತ್ತೆಂದೇ ತಿಳಿಯದ ಹಾಗೆ ಮಾಡಿದರು. ತುಂಬುವಾಗ ಏನೂ ಯೋಚನೆ ಮಾಡಲಿಲ್ಲ. ಕೆಮ್ಮು ಬಂದರೆ ಕೆಮ್ಮುವುದಿಲ್ಲವೇ, ಹಾಗೆ.

ಎಂಜಿನ್ನು ಫಳಫಳ ಹೊಳೆಯಿತು. ಆದರೆ ಸಂಘದಲ್ಲಿ ಗ್ರಹಚಾರ ಬೇರೆಯೇ ಕಾದಿತ್ತು. ಗಾರ್ಡ್ ಸಾಹೇಬರ ಒಸಡು ಕೆಟ್ಟು ಮೇಲಿನ ಹಲ್ಲೆಲ್ಲ ಕೀಳಿಸಬೇಕಾಗಿ ಬಂದಿತ್ತು. ಹೊಸ ಸೆಟ್ಟು ಕಟ್ಟಿದವರು ನಮ್ಮ ಮೇಷ್ಟ್ರೇ. ಸೆಟ್ಟೇನೋ ಸಿನಿಮಾ ನಟನ ಹಲ್ಲಿನ ಹಾಗೆ ಮುತ್ತು ಪೋಣಿಸಿದಂತಿತ್ತು. ಸೀಟಿ ಮಾತ್ರ ಬರಲಿಲ್ಲ. ಸಾಹೇಬರು ಊದಿದರೆ ಬರೀ 'ಫೂ'. ಎರಡನೇ ಸೆಟ್ಟು ಕಟ್ಟಿದರು, 'ಫೂ'. ಮೂರನೇದು ಇನ್ನೂ ಚೆಂದವಾಗಿತ್ತು, ಎದುರಿಗೆ ಕೂತವರ ಮುಖಕ್ಕೆ ಎಂಜಲು ಸಿಡಿದದ್ದು ಬಿಟ್ಟರೆ ಬೇರೆ ಫಲವಿಲ್ಲ. ಎರಡು ತಿಂಗಳಿಂದ ಮೇಜಿನ ಮೇಲೆ ಒಂದು ಗಾಡಿಯೂ ಕದಲಿರಲಿಲ್ಲ. ಯಾರೋ ಧೈರ್ಯ ಮಾಡಿ ತಗಡಿನ ಸೀಟಿಯೊಂದನ್ನು ಮುಂದೆ ಹಿಡಿದರು.

"ಮೂವತ್ತಾರು ವರ್ಷ ಮುಟ್ಟದೇ ಇದ್ದದ್ದನ್ನ ಈಗ ಮುಟ್ಟಲಾ?" ಎಂದು ಸಾಹೇಬರು ಗುಡುಗಿದರು. "ನನ್ನ ಬಾಯಿಂದ ಬಂದ್ರೆ ಗಾಡಿ ಹೊರಡತ್ತೆ. ಇಲ್ಲಾಂದ್ರೆ ಅಲ್ಲೇ ತುಕ್ಕು ಹಿಡೀಲಿ!"

ಎಲ್ಲರೂ ಮೇಷ್ಟ್ರ ಕಡೆ ತಿರುಗಿ ನೋಡಿದರು. ಆ ಮೌನದಲ್ಲಿ ಮೇಷ್ಟ್ರು, "ಮತ್ತೆ? ಏನು ಸಮಾಚಾರ?" ಎಂದರು. ಅವತ್ತು ಟೀ ಯಾರೂ ಮುಟ್ಟಲಿಲ್ಲ.

ವಾರ್ಷಿಕ ಸಭೆಗೆ ಒಂದು ವಾರ ಉಳಿದಿದ್ದ ಭಾನುವಾರ ಬೇಕರಿಯವರು ಬಿಡಿಸಿದ ಪುಟ ತಂದರು. ಕೋಣೆ ತುಂಬ ಬೆಣ್ಣೆ ಬಿಸ್ಕತ್ತಿನ ವಾಸನೆ. ಮೇಷ್ಟ್ರು ಹಸಿರು ಎಂಜಿನ್ನನ್ನು ಮೇಜಿನ ಮೇಲಿಟ್ಟು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಕೈ ಹೊಸಕಿಕೊಂಡು ನಿಂತರು.

ಬೇಕರಿಯವರು ಗಂಟಲು ಸರಿಮಾಡಿಕೊಂಡು ಓದಿದರು: "ಈ ಕಾರ್ಖಾನೆಯ ಅಚ್ಚು ಮೊದಲನೆಯ ದಿನವೇ ಮುರಿದಿತ್ತು. ಹಾಗಾಗಿ ಅಸಲಿ ಎಂಜಿನ್ನಿನ ಅಡ್ಡಪಟ್ಟಿಯ ನಡುವೆ ಅಕ್ಕಿಕಾಳಿನಷ್ಟು ಸಂದು ಇರುತ್ತದೆ. ನಕಲು ಮಾಡಿದವರು ಅದನ್ನು ಕುಂದು ಎಂದು ತಿಳಿದು ಸರಿಪಡಿಸಿದರು. ಸಂದು ಇಲ್ಲದ್ದೆಲ್ಲ ನಕಲಿ."

ಮೇಷ್ಟ್ರ ಮುಖ ಅವರದೇ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು.

ಬೇಕರಿಯವರು ಭೂತಗನ್ನಡಿ ಹಿಡಿದು ಅಡ್ಡಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಸಂದಿಲ್ಲ. ನಕಲಿ. ಅನಾಥಾಲಯ."

"ಇತ್ತು!" ಎಂದು ಮೇಷ್ಟ್ರು ಕಿರುಚಿದರು. "ಅಯ್ಯೋ, ಇತ್ತು ಸ್ವಾಮಿ! ನಾನೇ ತುಂಬಿದೆ!"

"ಪುಟ ಓದಿದ ಮೇಲೆ ಹೇಳ್ತಿದೀರಲ್ಲ?"

"ಈಗಲೇ ಕೆರೆದು ತೋರಿಸ್ತೀನಿ, ತಗೊಳ್ಳಿ!"

"ಕೆರೆದ್ರೆ ಯಾರ ಎಂಜಿನ್ನಲ್ಲೂ ಸಂದು ಆಗತ್ತೆ ಮೇಷ್ಟ್ರೇ. ಹಲ್ಲು ಕೊರೆಯೋರಿಗೆ ತಗಡು ಕೊರೆಯೋದು ಯಾವ ಮಹಾ."

ಮಾತು ನಾಟಿತು. ಹತ್ತು ವರ್ಷ ಟೀ ಕಾಸಿಕೊಟ್ಟವನನ್ನು ಕಳ್ಳ ಎಂದಂತಾಯಿತಲ್ಲ! ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಆಗ ನೆನಪಾಯಿತು. "ಅಚ್ಚಿದೆ! ಮೊದಲ ದಿನದ ಅಚ್ಚು, ತಾರೀಕು ಸಮೇತ ಇದೆ!"

ಗಾರ್ಡ್ ಸಾಹೇಬರು ಕೈ ಎತ್ತಿದರು. "ಮುಂದಿನ ಭಾನುವಾರ ತನ್ನಿ. ಇದ್ರೆ ನೋಡೋಣ. ಆದ್ರೆ ಮೇಷ್ಟ್ರೇ, ಅಚ್ಚು ಸಿಕ್ಕಿದ್ರೂ ಓಡಿಸೋಕೆ ಸೀಟಿ ಬೇಕಲ್ಲ? ಅದನ್ನೂ ನೀವೇ ತರಬೇಕು." ಹೇಳಿ ತಮ್ಮ ಮುತ್ತಿನಂಥ ಹಲ್ಲನ್ನು ಬಾಯಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿ ಮೇಷ್ಟ್ರ ಜೇಬಿಗೆ ಹಾಕಿದರು.

ಮೇಷ್ಟ್ರ ಕಪಾಟಿನಲ್ಲಿ ನಾನೂರು ದವಡೆಗಳಿದ್ದವು. ಎಂಜಿನ್ನಿನ ಮೂತಿ ಎಲ್ಲಿಯೂ ಇಲ್ಲ. ಸೋಮವಾರ ಹುಡುಕಿದರು, ಮಂಗಳವಾರ ಹುಡುಕಿದರು. ಬುಧವಾರ ಊಟ ಬಿಟ್ಟರು. ಗುರುವಾರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಏನು ಹುಡುಕ್ತಿದೀರಿ ಅಂತ ಬಾಯಿ ಬಿಟ್ಟು ಹೇಳಿದ್ರೆ ತಾನೇ?"

"ಎಂಜಿನ್ನಿನ ಅಚ್ಚು ಕಣೇ! ಹೀಗೆ ಚಪ್ಪಟೆಗಿರತ್ತೆ, ನಡುವೆ ಒಂದು ಸಂದು—"

"ಅದಾ? ಯಾರೋ ಪಾಪ ಒಂದೂ ಹಲ್ಲಿಲ್ಲದೋರ ದವಡೆ ಅಂದ್ಕೊಂಡೆ. ನೋಡಿದ್ರೆ ಸಂಕಟ ಆಗ್ತಿತ್ತು. ಗಾರ್ಡ್ ಸಾಹೇಬ್ರ ಡಬ್ಬಿಗೆ ಹಾಕಿದೀನಿ."

"ಅವರ ಡಬ್ಬಿಗೆ ಯಾಕೆ?"

"ಎರಡರಲ್ಲೂ ನಡುವೆ ಒಂದೇ ಥರ ಸಂದಿತ್ತಲ್ಲ. ಜೋಡಿ ಅಂದ್ಕೊಂಡೆ."

ಅವಳು ಡಬ್ಬಿ ತಂದು ಎರಡು ಅಚ್ಚನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಎಂಜಿನ್ನಿನ ಮೂತಿ. ಇನ್ನೊಂದು, ಹಲ್ಲು ಕೀಳಿಸುವ ಮೊದಲು ತೆಗೆದ ಸಾಹೇಬರ ಮೇಲ್ದವಡೆ. ಅದರ ಎರಡು ಮುಂದಿನ ಹಲ್ಲುಗಳ ನಡುವೆ ಅಕ್ಕಿಕಾಳಿನಷ್ಟು ಸಂದು. ಮೇಷ್ಟ್ರು ಕೂತಲ್ಲೇ ಕೂತರು.

"ಈ ಸಂದು... ಸೆಟ್ಟಲ್ಲಿ ನಾನು..."

"ತುಂಬಿದ್ರಿ. ಮೂರು ಸಲವೂ ತುಂಬಿದ್ರಿ. ಪಾಲಿಶ್ ಮಾಡೋವಾಗ ಮೂರು ಸಲವೂ ಹೇಳಿದೆ, ರೀ, ಅವರಿಗೆ ಮುಂದೆ ಸಂದಿತ್ತಲ್ಲ ಅಂತ. 'ದೇವರು ತಪ್ಪು ಮಾಡಿದ, ನಾನು ಸರಿ ಮಾಡ್ತೀನಿ' ಅಂದ್ರಿ."

ಮೇಷ್ಟ್ರಿಗೆ ನಾಚಿಕೆಯೂ ಆಯಿತು, ನಗುವೂ ಬಂತು, ಕೊನೆಗೆ ಭಯವೇ ಗೆದ್ದಿತು. ಒಂದು ಎಂಜಿನ್ನು, ಒಂದು ಸೆಟ್ಟು, ಎರಡನ್ನೂ ಈಗ ಕೊಯ್ಯಬೇಕು. ಜೀವಮಾನವಿಡೀ ಸಂದು ಮುಚ್ಚಿದ ಕೈ ಅದು, ತೆರೆದದ್ದಲ್ಲ. ಎಂಜಿನ್ನಿನಲ್ಲಿ ಒಂದು ಕೂದಲಷ್ಟು ಜಾಸ್ತಿ ಹೋದರೆ ಅಚ್ಚಿಗೆ ಹೊಂದುವುದಿಲ್ಲ. ಸೆಟ್ಟು ಸೀಳಿದರೆ ನಾಲ್ಕನೆಯದು ಕಟ್ಟಲು ಸಮಯವಿಲ್ಲ. ಗರಗಸವನ್ನು ಎತ್ತಿದರು, ಕೆಳಗಿಟ್ಟರು, ಮತ್ತೆ ಎತ್ತಿದರು.

"ಹಿಡ್ಕೊಳ್ಳೇ," ಎಂದರು.

ಹೆಂಡತಿ ಸೆಟ್ಟನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. "ಕೊಯ್ರಿ. ನಾನಿದೀನಿ," ಎಂದಳು. ಇಷ್ಟು ವರ್ಷದಲ್ಲಿ ಅವಳು ಹೊಳಪು ಕೊಡದೆ ಆಡಿದ ಮಾತು ಅದೊಂದೇ ಇರಬೇಕು.

ವಾರ್ಷಿಕ ಸಭೆಯ ಭಾನುವಾರ ಸಂಘದ ಕೋಣೆಯಲ್ಲಿ ಹಗ್ಗವನ್ನು ಆಗಲೇ ಕಟ್ಟಿದ್ದರು. ಮೇಷ್ಟ್ರು ಎಂಜಿನ್ನನ್ನೂ ಅಚ್ಚನ್ನೂ ಬೇಕರಿಯವರ ಮುಂದಿಟ್ಟರು. ಹಸಿರು ಪಟ್ಟಿಯ ನಡುವೆ ಅಕ್ಕಿಕಾಳಿನಷ್ಟು ಸಂದು, ಅದರ ಅಂಚಿನಲ್ಲಿ ಚೂರೇ ಚೂರು ಗುಲಾಬಿ ಒಸಡು. ಬೇಕರಿಯವರು ಅಚ್ಚಿನ ಅಡಿಯ ತಾರೀಕು ಓದಿದರು, ಮೂಸಿದರು, ಎಂಜಿನ್ನಿನ ಮೂತಿಯನ್ನು ಅಚ್ಚಿನ ಮೇಲೆ ಇಟ್ಟು ಸೂಜಿ ತೂರಿಸಿ ನೋಡಿದರು. ಎರಡೂ ಸಂದಿನಲ್ಲಿ ಸೂಜಿ ಒಂದೇ ದಾರಿಯಲ್ಲಿ ಹೋಯಿತು.

"ಅಸಲಿ," ಎಂದರು. ಆಮೇಲೆ ತಲೆ ತಗ್ಗಿಸಿ, "ಹೋದ ವಾರ ನಾನಂದಿದ್ದು ತಪ್ಪಾಯ್ತು ಮೇಷ್ಟ್ರೇ," ಎಂದು ಸೇರಿಸಿದರು. "ಪುಟದಲ್ಲಿ ಇನ್ನೊಂದು ಸಾಲೂ ಇದೆ. ಇದು ನಿಧಾನ ಓಡತ್ತೆ ಅಂತ ಕಾರ್ಖಾನೆಯವ್ರೇ ಮಾಡೋದು ಬಿಟ್ರಂತೆ."

"ಓಡತ್ತಲ್ಲ, ಸಾಕು," ಎಂದರು ಮೇಷ್ಟ್ರು.

ಇನ್ನು ಉಳಿದದ್ದು ಸೀಟಿ. ಗಾರ್ಡ್ ಸಾಹೇಬರು ಮೇಷ್ಟ್ರು ಮರಳಿಸಿದ ಕರವಸ್ತ್ರ ಬಿಚ್ಚಿ, ಸೆಟ್ಟಿನ ಸಂದನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿಂದ ನೋಡಿದರು. ಆ ಸಂದಿನಲ್ಲಿ ಅವರಿಗೆ ಏನು ಕಂಡಿತೋ, ಕರವಸ್ತ್ರದಿಂದ ಅದನ್ನು ಮೆಲ್ಲಗೆ ಒರೆಸಿದರು. ಬಾಯಿಗೆ ಹಾಕಿಕೊಂಡರು. ಕರೆಂಟಿನ ಗುಂಡಿಯ ಹತ್ತಿರ ಮೇಷ್ಟ್ರ ಹೆಂಡತಿಯನ್ನು ನಿಲ್ಲಿಸಿದ್ದರು. ಎಂಜಿನ್ನು ಹಳಿ ತಪ್ಪಿದರೆ ಹಿಡಿಯಲೆಂದು ಗಂಡ ಎರಡೂ ಕೈ ಚಾಚಿಕೊಂಡು ನಿಂತಿದ್ದರಿಂದ ಆ ಕೆಲಸ ಅವಳ ಪಾಲಿಗೆ ಬಂದಿತ್ತು.

ಸಾಹೇಬರು ಎದೆ ಉಬ್ಬಿಸಿದರು. ಊದಿದರು.

'ಫೂ'.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಹೆಬ್ಬೆರಳಿನಿಂದ ಸೆಟ್ಟನ್ನು ಒಂದು ನೂಲಿನಷ್ಟು ಮೇಲಕ್ಕೆ ಒತ್ತಿ, ನಾಲಿಗೆಯನ್ನು ಹಳೇ ಜಾಗಕ್ಕೆ ತಂದು ಮತ್ತೆ ಊದಿದರು. ಎಂಥ ಸೀಟಿ ಅದು! ಕಿಟಕಿಯ ಗಾಜು ನಡುಗಿತು, ಎರಡು ಹತ್ತಿ ಕುರಿ ಮಗುಚಿ ಬಿದ್ದವು, ಕೆಳಗಿನ ಅಂಗಡಿಯವರು ಮೆಷಿನ್ನು ನಿಲ್ಲಿಸಿ "ಯಾರಿಗೇನಾಯ್ತು?" ಎಂದು ಕೂಗಿದರು. ಮೇಷ್ಟ್ರ ಹೆಂಡತಿ ಗುಂಡಿ ಒತ್ತಿದಳು.

ಹಸಿರು ಎಂಜಿನ್ನು ಒಮ್ಮೆ ಸೀನಿದಂತೆ ಮಾಡಿ ಹೊರಟಿತು. ನಿಧಾನವೆಂದರೆ ನಿಧಾನ, ಪಕ್ಕದಲ್ಲಿ ಇರುವೆಯೊಂದು ಅದನ್ನು ಹಿಂದೆ ಹಾಕಿತು. ಸುರಂಗದೊಳಗೆ ಹೋಗಿ ಇಷ್ಟು ಹೊತ್ತಾದರೂ ಬರಲಿಲ್ಲವೆಂದು ಬೇಕರಿಯವರು ಬಗ್ಗಿ ನೋಡುವಷ್ಟರಲ್ಲಿ ಸಂದಿರುವ ಮೂತಿ ಹೊರಗೆ ಬಂತು. ಎರಡು ನಿಲ್ದಾಣ ದಾಟಿತು. ಬಿದ್ದ ಕುರಿಗಳನ್ನು ದಾಟಿತು. ಹೊರಟ ಜಾಗಕ್ಕೇ ಬಂದು ನಿಂತಿತು. ಸಾಹೇಬರು ಹೋಗಿ ಹಗ್ಗದ ಗಂಟು ಬಿಚ್ಚಿದರು.

ಕೋಣೆ ಸ್ತಬ್ಧವಾಯಿತು. ಹಲಗೆಗಳ ನಡುವಿನಿಂದ ಹಬೆ ಮೇಲೇರುತ್ತಿತ್ತು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಇನ್ನೇನು ಬಾಯಿ ಹಾಕುತ್ತಾರೆ, ಇನ್ನೇನು ಸಮಾಚಾರ ಕೇಳುತ್ತಾರೆ. ಮೇಷ್ಟ್ರು ಬಾಯಿ ತೆರೆದರು, ತನ್ನ ಎಂಜಿನ್ನನ್ನು ನೋಡಿದರು, ಬಾಯಿ ಮುಚ್ಚಿದರು. ಕಣ್ಣಿಂದ ಹನಿ ಇಳಿದು ಗಲ್ಲಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ. ಆ ಮೌನ ಅಷ್ಟು ಉದ್ದಕ್ಕೆ ಬೆಳೆಯಿತೆಂದರೆ ಕೊನೆಗೆ ಬೇಕರಿಯವರಿಗೇ ತಡೆಯಲಾಗಲಿಲ್ಲ.

"ಮತ್ತೆ?" ಎಂದರು ಅವರು. "ಏನು ಸಮಾಚಾರ?"

"ಶ್!" ಎಂದು ಗಾರ್ಡ್ ಸಾಹೇಬರು ಅವರನ್ನು ಗದರಿದರು. ಹೊಸ ಸಂದಿನಿಂದ ಅದೂ ಸೀಟಿಯಾಗಿಯೇ ಬಂತು. ಮೇಷ್ಟ್ರ ಹೆಂಡತಿ ತಟ್ಟನೆ ಗುಂಡಿ ಒತ್ತಿದಳು, ಎಂಜಿನ್ನು ಮತ್ತೆ ಹೊರಟಿತು.

"ಯಾಕಮ್ಮಾ, ಒಂದು ಸುತ್ತು ಆಯ್ತಲ್ಲ?" ಎಂದರು ಬೇಕರಿಯವರು.

"ಸೀಟಿ ಬಿತ್ತಲ್ಲ ಸ್ವಾಮಿ," ಎಂದಳು ಅವಳು. "ಬಿದ್ದ ಮೇಲೆ ನಿಲ್ಲಿಸೋ ಹಾಗಿಲ್ಲ, ನಿಮ್ದೇ ನಿಯಮ."

ಬೇಕರಿಯವರು ರಿಜಿಸ್ಟರು ಬಿಡಿಸಿ ಪೆನ್ನು ತೆರೆದರು. ಎರಡನೇ ಸುತ್ತು ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ. ಮೇಷ್ಟ್ರಂತೂ ಆಡಲೇ ಇಲ್ಲ.